ಫಿರಕಿ ತಂಬಿಗೆಯ ತೀರ್ಥ

ಕೂಡಲಸಂಗಮದ ತೀರ್ಥವನ್ನು ತಿರುಪು ಮುಚ್ಚಳದ ಹಿತ್ತಾಳೆ ಫಿರಕಿ ತಂಬಿಗೆಯಲ್ಲಿ ಹುನಗುಂದದ ಮನೆಗೆ ತಂದೆ. ಅದು ಬಾಯಿಗೆ ಬೀಳದೆ ನಮ್ಮವ್ವ ಉಪವಾಸ ಬಿಡುವವಳಲ್ಲ. ಮುಚ್ಚಳ ಮಾತ್ರ ಜಪ್ಪಯ್ಯ ಅಂದರೂ ತಿರುಗಲಿಲ್ಲ.

ಚಕ್ಕಡಿಯಲ್ಲಿ ಜೊತೆಗೆ ಬಂದಿದ್ದ ಸಾಲಿ ಮಾಸ್ತರರು ದಾರಿಯುದ್ದಕ್ಕೂ ನನಗೆ ಭೌತಶಾಸ್ತ್ರದ ಶಾಖೆಗಳನ್ನು ತಿಳಿಸಿದ್ದರು: ಚಲನೆ, ಉಷ್ಣ, ಬೆಳಕು, ಶಬ್ದ, ವಿದ್ಯುತ್ತು, ಅಯಸ್ಕಾಂತ.

"ಇದು ಉಷ್ಣದ ಕೆಲಸರಿ. ಮುಚ್ಚಳ ಅಷ್ಟ ಕಾಸ್ರಿ, ಹಿಗ್ಗಿ ಸಡ್ಲ ಆಗತೈತಿ," ಎಂದರು.

"ತೀರ್ಥ ಕಾಸಾಕ ಅದೇನ ಸಾರೇನ್ರಿ ಮಾಸ್ತರ?" ಎಂದಳು ಅವ್ವ.

"ಒಲಿಗೆ ಇಡೂದಿಲ್ಲಬೇ, ದೇವರ ದೀಪಕ್ಕ ಹಿಡೀತೇನಿ," ಎಂದೆ. ಅದಕ್ಕವಳು ಒಪ್ಪಿದಳು. ಮುಚ್ಚಳ ತಿರುಗಿತು.

ತೀರ್ಥ ತಗೊಂಡು ಅವ್ವ ಎಲ್ಲರನ್ನೂ ಊಟಕ್ಕೆ ಕೂಡ್ರಿಸಿದಳು. ಮಾಸ್ತರರು ಬೆಳಕಿನ ಶಾಖೆ ಸುರು ಮಾಡಿದರು.

"ಮೊದಲ ಉಣ್ರಿ, ರೊಟ್ಟಿ ಆರತಾವು," ಎಂದಳು.

ಅದೂ ಉಷ್ಣದ ಶಾಖೆಯ ಮಾತೇ. ಮಾಸ್ತರರು ತಕರಾರಿಲ್ಲದೆ ಉಂಡರು.