ಅಜ್ಜನ ದಾನವೂ ಖನ್ನಾ ಅಂಕಲ್‌ರ ಇಟ್ಟಿಗೆಗಳೂ

ಎಲ್ಲಾದರೂ ಸಿಮೆಂಟಿನ ನೆಲದ ಮೇಲೆ ಭಾರದ್ದೇನನ್ನೋ ಎಳೆಯುವ ಕರಕರ ಸದ್ದು ಕೇಳಿದರೆ ಇಂದಿಗೂ ನನಗೆ ದಿಲ್ಲಿಯ ಮಯೂರ್ ವಿಹಾರದ ಚಳಿಗಾಲದ ಬಿಸಿಲು ನೆನಪಾಗುತ್ತದೆ. ಬಾಲ್ಕನಿಯ ಹಗ್ಗದ ಮೇಲೆ ಮೈ ಕಾಯಿಸುತ್ತಿದ್ದ ರಜಾಯಿ ಹೊದಿಕೆಗಳು, ಅಮ್ಮನ ಒಗ್ಗರಣೆಯ ಬೆಳ್ಳುಳ್ಳಿ ಘಮ, ಕೆಳಗೆ ಶೇಂಗಾ ಸುಲಿಯುತ್ತ ಸ್ವೆಟರ್ ಹೆಣೆಯುವ ಆಂಟಿಯರು. ಅವೆಲ್ಲದರ ನಡುವೆ ಮಂಕಿ ಕ್ಯಾಪ್ ತೊಟ್ಟು, ಸೊಂಟಕ್ಕೆ ಮಫ್ಲರ್ ಬಿಗಿದು, ಯಾರದೋ ಇಟ್ಟಿಗೆಗಳನ್ನು ಎತ್ತಿ ಬದಿಗಿಡುತ್ತಿದ್ದ ನನ್ನ ಅಜ್ಜ. ನಿಮ್ಮ ಬಾಲ್ಯದಲ್ಲೂ ಹೀಗೆ ಬೇರೆಯವರ ಕಣ್ಣಿಗೆ ಕೊಂಚ ತಿಕ್ಕಲಾಗಿ ಕಾಣುವ ಒಬ್ಬರಿದ್ದರೆ, ಈ ಕಥೆ ನಿಮಗೆ ಅರ್ಥವಾದೀತು.

ನಾವು ಹಾವೇರಿ ಕಡೆಯ ಪಿಂಜಾರರು, ಮನೆಮಾತು ಕನ್ನಡವೇ. ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ದಿಲ್ಲಿಯ ರಸ್ತೆಗಳಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲದಲ್ಲಿ, ಅಜ್ಜಿ ತೀರಿಕೊಂಡ ಮೇಲೆ, ಅಪ್ಪ ಅಜ್ಜನನ್ನು ನಮ್ಮ ಮನೆಗೆ ಕರೆತಂದರು. ಊರಲ್ಲಿ ಅಜ್ಜ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದವರು. ಪ್ರತಿ ಚಳಿಗಾಲಕ್ಕೂ ಉಳಿದ ಹತ್ತಿಯಲ್ಲೊಂದು ಗಾದಿ ಹೊಲಿದು, ಇಲ್ಲದವರ ಬಾಗಿಲಲ್ಲಿ ಇಟ್ಟು ಸದ್ದಿಲ್ಲದೆ ಬಂದುಬಿಡುತ್ತಿದ್ದರಂತೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು, ಅದೇ ನಿಜವಾದ ಸದಕಾ, ಅದೇ ದಾನ ಎನ್ನುತ್ತಿದ್ದರು. ದಿಲ್ಲಿಗೆ ಬಂದ ಮೇಲೆ ಆ ಬಲಗೈಗೆ ಕೆಲಸವಿಲ್ಲದೆ ಹೋಯಿತು. ತಡೆಯಲಾರದೆ ಒಮ್ಮೆ ಅಪ್ಪನ ಹೊಸ ಸ್ವೆಟರನ್ನು ಇಸ್ತ್ರಿ ಮಾಡುವ ಭಯ್ಯಾನಿಗೆ ಕೊಟ್ಟರು. ಭಯ್ಯಾ ಮರುದಿನ ಅದನ್ನೇ ತೊಟ್ಟು, ಅಪ್ಪನ ಪ್ಯಾಂಟುಗಳನ್ನು ಹೊತ್ತುಕೊಂಡು ನಮ್ಮ ಬಾಗಿಲಿಗೇ ಬಂದ. ಅಪ್ಪ ಚಹಾದ ಲೋಟ ಹಿಡಿದವರು ಹಿಡಿದಂತೆಯೇ ನಿಂತರು. "ಮಾವ, ದಾನ ಮಾಡೋದಾದ್ರೆ ನಿಮ್ಮದನ್ನ ಮಾಡಿ" ಎಂದಳು ಅಮ್ಮ, ನಗುತ್ತಲೇ. ಅಜ್ಜ ನಗಲಿಲ್ಲ. ಅವರದೆನ್ನುವುದು ಆ ಮನೆಯಲ್ಲಿ ಒಂದು ಟ್ರಂಕು ಮತ್ತು ಹಲ್ಲಿನ ಸೆಟ್ಟು ಮಾತ್ರ ಇತ್ತು.

ಮುಂದಿನ ಶುಕ್ರವಾರ ನಮಾಜಿನಿಂದ ಬಂದಾಗ ಅಜ್ಜನ ಮುಖ ಪಿಂಚಣಿ ಮಂಜೂರಾದವರ ಮುಖದಂತಿತ್ತು. ನಗುಮುಖ ತೋರಿಸುವುದೂ ದಾನ, ದಾರಿಯಲ್ಲಿ ತೊಡಕಾದದ್ದನ್ನು ತೆಗೆದುಹಾಕುವುದೂ ದಾನ ಎಂದು ಮೌಲವಿಗಳು ನೆನಪಿಸಿದ್ದರು. ಅಜ್ಜ ಆ ಹಲ್ಲಿನ ಸೆಟ್ಟನ್ನೇ ಬಂಡವಾಳ ಮಾಡಿಕೊಂಡು ಕಂಡಕಂಡವರಿಗೆಲ್ಲ ನಗತೊಡಗಿದರು. ಮೂರನೆಯ ದಿನ ವಾಚ್‌ಮನ್ ಅಪ್ಪನನ್ನು ಪಕ್ಕಕ್ಕೆ ಕರೆದು, "ಸಾಬ್, ಚಾಚಾಜೀ ಕೀ ತಬಿಯತ್ ಠೀಕ್ ಹೈ ನಾ?" ಎಂದು ಅಜ್ಜನ ಆರೋಗ್ಯವನ್ನು ಮೆಲ್ಲಗೆ ವಿಚಾರಿಸಿದ. ಅದಾದ ಮೇಲೆ ಅಜ್ಜ ದಾರಿ ಚೊಕ್ಕ ಮಾಡಲು ಇಳಿದರು. ಮೊದಲು ಬಾಳೆಹಣ್ಣಿನ ಸಿಪ್ಪೆ, ಗಾಜಿನ ಚೂರು, ಮೊಳೆ. ನಂತರ ಖನ್ನಾ ಅಂಕಲ್‌ರ ಇಟ್ಟಿಗೆಗಳು.

ಖನ್ನಾ ಅಂಕಲ್ ನೆಲಮಹಡಿಯವರು. ಹೊಸ ಕಾರಿನ ಒಡೆಯರು. ಬೆಳಿಗ್ಗೆ ಕಾರು ಹೊರಟೊಡನೆ ಆ ಜಾಗದಲ್ಲಿ ಇಟ್ಟಿಗೆ ಸಾಲು ಇಟ್ಟು ಹೋಗುತ್ತಿದ್ದರು, ಬೇರೆ ಯಾರೂ ನಿಲ್ಲಿಸಬಾರದೆಂದು. ಅಜ್ಜ ಅವನ್ನೆತ್ತಿ ಬೇವಿನ ಮರದ ಬುಡದಲ್ಲಿ ಅಂದವಾಗಿ ಪೇರಿಸಿಡುವರು. ಸಂಜೆ ಖನ್ನಾ ಬರುವ ಹೊತ್ತಿಗೆ ಅಲ್ಲಿ ಇನ್ಯಾರದೋ ಕಾರು. ಅವರ ಗರ್ಜನೆಗೆ ನಮ್ಮ ಅಡುಗೆಮನೆ ಕಿಟಕಿಯ ಪಾರಿವಾಳಗಳೂ ಹಾರಿಹೋಗುತ್ತಿದ್ದವು. ಇಟ್ಟಿಗೆ ಹೋಗಿ ಕಲ್ಲುಚಪ್ಪಡಿ ಬಂತು. ಚಪ್ಪಡಿಯೂ ಕರಕರ ಎಳೆಸಿಕೊಂಡು ಮರದ ಬುಡ ಸೇರಿದ ಮೇಲೆ, ಬಾತ್‌ರೂಮ್ ರಿಪೇರಿಯಲ್ಲಿ ಕಿತ್ತುಹಾಕಿದ ಹಳೆಯ ಕಮೋಡು ಬಂತು. "ಅಜ್ಜಾ, ಅದು ಪಾರ್ಕಿಂಗ್‌ಗೆ ಅಂತ ಇಟ್ಟದ್ದು" ಎಂದು ನಾನು ಹೇಳಿದೆ. "ಕಾರೇ ಇಲ್ಲದ ಜಾಗ ಎಂಥಾ ಪಾರ್ಕಿಂಗವ್ವ? ಯಾರೋ ಪುಣ್ಯಾತ್ಮ ದಿನಾ ನನಗೋಸ್ಕರ ತಂದಿಡ್ತಾನ. ಭಾರ ಹೆಚ್ಚಾದಷ್ಟೂ ಪುಣ್ಯ ಹೆಚ್ಚು. ನೀ ಯಾರಿಗೂ ಹೇಳಬೇಡ, ಹೇಳಿದ್ರೆ ದಾನ ಕೆಡ್ತದ" ಎಂದರು.

ಒಂದು ದಿನ ಖನ್ನಾ ಕಚೇರಿಗೆ ರಜೆ ಹಾಕಿ, ಕಾರನ್ನು ಹಿಂದಿನ ಬೀದಿಯಲ್ಲಿ ನಿಲ್ಲಿಸಿ, ಮನೆಯ ಕಿಟಕಿ ಪರದೆಯ ಹಿಂದೆ ಕಾದರು. ಅಜ್ಜ ಬಂದರು, ಕಮೋಡಿಗೆ ಕೈ ಹಾಕಿದರು, ಅದು ಕದಲಲಿಲ್ಲ. ಖನ್ನಾ ಬನಿಯನ್ನಿನಲ್ಲೇ ಹೊರಗೆ ಹಾರಿದರು. ಅಜ್ಜ ತಮ್ಮ ದಾನದ ನಗೆ ಬೀರಿ, "ಬೇಟಾ, ಜರಾ ಹಾಥ್ ಲಗಾನಾ" ಎಂದರು. ಬಾಲ್ಕನಿಯಿಂದ ನಾನೇ ನೋಡಿದೆ: ಮುದುಕರೊಬ್ಬರು ಕೈ ಕೊಡು ಅಂದಾಗ ಖನ್ನಾರ ಕೈಗಳು ತಾವಾಗಿಯೇ ಮುಂದೆ ಬಂದವು. ಇಬ್ಬರೂ ಸೇರಿ ಕಮೋಡನ್ನು ಬೇವಿನ ಬುಡಕ್ಕೆ ಒಯ್ದಿಟ್ಟರು. ಅಜ್ಜ "ಅಲ್ಲಾಹ್ ನಿನಗೆ ಒಳ್ಳೇದು ಮಾಡಲಿ" ಎಂದು ಹಿಂದಿಯಲ್ಲಿ ಹರಸಿದ ಮೇಲಷ್ಟೇ ಖನ್ನಾರಿಗೆ ತಾವೇನು ಮಾಡಿದೆವೆಂದು ಹೊಳೆದದ್ದು.

ಮುಂದಿನ ಅರ್ಧ ಗಂಟೆ ಇಡೀ ಅಪಾರ್ಟ್‌ಮೆಂಟ್ ಸೊಸೈಟಿ ನಮ್ಮ ಮೆಟ್ಟಿಲಲ್ಲಿತ್ತು. ನಮ್ಮ ಮನೆ ಮಾಲೀಕರಿಗೆ ಫೋನ್ ಮಾಡುತ್ತೇನೆ, ಮನೆ ಖಾಲಿ ಮಾಡಿಸುತ್ತೇನೆ ಎಂದು ಖನ್ನಾ ಕೂಗಿದರು. ಕಚೇರಿಯಿಂದ ಓಡಿಬಂದ ಅಪ್ಪ ಕೈ ಮುಗಿದು ಕ್ಷಮೆ ಕೇಳಿ, ಅಜ್ಜನತ್ತ ತಿರುಗಿ, "ಇನ್ಮೇಲೆ ಏನನ್ನೂ ಮುಟ್ಟಬೇಡಿ" ಎಂದರು. ಅಜ್ಜ ತಮ್ಮ ಖಾಲಿ ಅಂಗೈಗಳನ್ನೇ ನೋಡಿಕೊಂಡರು. "ಹಂಗಾದ್ರ ನಾ ಏನು ಕೊಡ್ಲಿ ಮಗನ? ನನ್ನ ಹತ್ರ ಬೇರೇನೈತಿ?" ಖನ್ನಾರಿಗೆ ಕನ್ನಡ ಬಾರದು. "ಕ್ಯಾ ಬೋಲ್ ರಹೇ ಹೈಂ?" ಎಂದು ಅಜ್ಜನ ಮಾತಿನ ಅರ್ಥ ಕೇಳಿದರು. ಅಪ್ಪ ಮುಖ ತಿರುಗಿಸಿಕೊಂಡರು. ಅಜ್ಜನ ಮಾತನ್ನೂ ಅವರ ದಾನದ ಲೆಕ್ಕವನ್ನೂ ನಾನೇ ಹಿಂದಿಯಲ್ಲಿ ಹೇಳಿದೆ. ಖನ್ನಾ ಬನಿಯನ್ ಜಗ್ಗಿಕೊಂಡು, "ಅಚ್ಛಾ ಚಾಚಾಜೀ, ಇಟ್ಟಿಗೆ ಬೇಡ. ನೀವೇ ಅಲ್ಲಿ ಕುರ್ಚಿ ಹಾಕಿ ಕೂತುಕೊಳ್ಳಿ. ನನ್ನ ಜಾಗ ಕಾಯೋದೂ ದಾನವೇ" ಎಂದು ಹಿಂದಿಯಲ್ಲಿ ಹೇಳಿ ದಡದಡನೆ ಇಳಿದುಹೋದರು.

ಅಜ್ಜ ಬಿಸಿಲಲ್ಲಿ ಕುರ್ಚಿ ಹಾಕಿ ಕೂತರು. ಯಾರಾದರೂ ಕಾರಿನಲ್ಲಿ ಬಂದು ಜಾಗಕ್ಕಾಗಿ ತಡಕಾಡಿದರೆ, ತಟ್ಟನೆದ್ದು, ಕುರ್ಚಿ ಮಡಚಿ, "ಆಯಿಯೇ, ಆಯಿಯೇ" ಎಂದು ಜಾಗ ಕೊಟ್ಟುಬಿಡುತ್ತಿದ್ದರು! ಖನ್ನಾ ಒಂದು ವಾರ ಹಣೆ ಚಚ್ಚಿಕೊಂಡರು. ಆಮೇಲೆ ಕಾರನ್ನು ಹಿಂದಿನ ಬೀದಿಯಲ್ಲೇ ಬಿಟ್ಟು, ನಡೆದುಬಂದು, ಅಜ್ಜನ ಪಕ್ಕ ಕೂತು ಶೇಂಗಾ ತಿನ್ನುವುದನ್ನು ರೂಢಿಸಿಕೊಂಡರು. ಒಬ್ಬರದು ಕನ್ನಡ ಬೆರೆತ ಹಿಂದಿ, ಇನ್ನೊಬ್ಬರದು ಪಂಜಾಬಿ ಬೆರೆತ ಹಿಂದಿ. ಅರ್ಧ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಕತ್ತಲಾಗುವವರೆಗೆ ಮಾತು ಮುಗಿಯುತ್ತಿರಲಿಲ್ಲ.

ಎರಡು ಚಳಿಗಾಲಗಳ ನಂತರ ಅಜ್ಜ ನಿದ್ದೆಯಲ್ಲೇ ಹೋದರು. ಕಬರಸ್ತಾನಕ್ಕೆ ಖನ್ನಾ ಅಂಕಲ್ ತಲೆಗೆ ಕರವಸ್ತ್ರ ಕಟ್ಟಿಕೊಂಡು ಹೋಗಿದ್ದರು. ಎಲ್ಲರೂ ಮೂರು ಹಿಡಿ ಮಣ್ಣು ಹಾಕಿ ಹಿಂದೆ ಸರಿದರಂತೆ, ಅವರು ಸರಿಯಲಿಲ್ಲವಂತೆ. ಬಗ್ಗಿ ಬಗ್ಗಿ ಹಿಡಿ ತುಂಬಿ ಹಾಕುತ್ತಲೇ ಇದ್ದರಂತೆ. ಕೊನೆಗೆ ಅಪ್ಪ ಅವರ ಭುಜ ಹಿಡಿದು, "ಬಸ್, ಖನ್ನಾಜೀ, ಸಾಕು" ಎಂದಾಗ, "ಇನ್ನೂ ಸ್ವಲ್ಪ" ಎಂದರಂತೆ. ಸಂಜೆ ಮನೆಗೆ ಬಂದ ಅಪ್ಪ ಇದನ್ನು ಹೇಳಿ ಮೊದಲ ಸಲ ಅತ್ತರು. ಅಮ್ಮ ಸ್ಟೌ ಆರಿಸಿ ಅವರ ಪಕ್ಕ ಬಂದು ಕೂತಳು.