ಬಿಡಿಸು ಎಂಬ ಪದ

ಪದಗಳ ಹುಟ್ಟು ಹುಡುಕುವ ಚಟ ನನಗಿದೆ. ಎದುರಿಗಿದ್ದವರು ಆಕಳಿಸಿದರೂ ನಿಲ್ಲಿಸುವುದಿಲ್ಲ. ಚಾವಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಕೀಲಿ ಸಂಸ್ಕೃತದ ಕೀಲದಿಂದ, ಅಂದರೆ ಗೂಟದಿಂದ ಹುಟ್ಟಿದ್ದು. ಅಗುಳಿ ಅರ್ಗಲದ ಮಗಳು. ಬೀಗಕ್ಕೂ ಒಂದು ಕೈ ಕೊಟ್ಟು ‘ಬೀಗದ ಕೈ’ ಎಂದ ಪುಣ್ಯಾತ್ಮ ಯಾರೋ, ಅವನಿಗೆ ನಮಸ್ಕಾರ. ಇಷ್ಟೆಲ್ಲ ತಿಳಿದ ನಾನು ಒಂದು ಬೆಳಿಗ್ಗೆ ನನ್ನದೇ ಮನೆಯ ಹೊರಗೆ ಕೈಕಟ್ಟಿ ನಿಲ್ಲಬೇಕಾಯಿತು.

ತೊಂಬತ್ತರ ದಶಕದ ಮಾತು. ಆಗ ಬಾಳೂರಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ಹೆಂಡತಿ ಚಿಕ್ಕಮಗಳೂರಿಗೆ ಹೋಗಿದ್ದಳು. ಸೀಮೆಎಣ್ಣೆ ಸ್ಟೌ ಮೇಲೆ ಹಾಲಿಟ್ಟು, ಒಣಗಿದ ಬಟ್ಟೆ ತರಲು ಅಂಗಳಕ್ಕಿಳಿದೆ. ಮೂರು ವರ್ಷದ ಮಗಳು ನಂದಿನಿ ಒಳಗಿನಿಂದ ಅಗುಳಿ ಹಾಕಿಕೊಂಡಳು. ಹಿತ್ತಿಲ ಬಾಗಿಲ ಚಿಲಕವೂ ಒಳಗೇ, ಅವಳಿಗೆ ಎಟುಕದಷ್ಟು ಮೇಲೆ. ಕಿಟಕಿಯ ಸರಳುಗಳ ನಡುವೆ ಇಣುಕಿದರೆ ಹಾಲು ಉಕ್ಕಿ ಉರಿ ಎದ್ದಿತ್ತು. ಪಕ್ಕದಲ್ಲೇ ಸೀಮೆಎಣ್ಣೆಯ ಕ್ಯಾನು.

“ಪುಟ್ಟಿ, ಅಗುಳಿ ಸರಿಸು!” ಎಂದು ಕೂಗಿದೆ.

“ಅಗುಳಿ ಅಂದ್ರೆ?”

“ಚಿಲಕ! ಬಾಗಿಲು ತೆರೆ!”

ನನ್ನ ಗಂಟಲಿಗೆ ಹೆದರಿ ಅವಳು ಅಳತೊಡಗಿದಳು. ನನಗೆ ತಿಳಿದಿದ್ದ ಪದಗಳೆಲ್ಲ ಮುಗಿದುಹೋದವು.

ಅಷ್ಟರಲ್ಲಿ ತೋಟದ ಕೆಲಸಕ್ಕೆ ಹೊರಟಿದ್ದ ಪಕ್ಕದ ಮನೆಯ ಗಿರಿಜಕ್ಕ ಓಡಿಬಂದರು. ನಂದಿನಿ ಸಂಜೆಯೆಲ್ಲ ಅವರ ಜಗಲಿಯಲ್ಲೇ ಇರುತ್ತಿದ್ದಳು.

“ಸುಮ್ನಿರಿ ಮೇಷ್ಟ್ರೇ, ನೀವು ಕೂಗಿದ್ರೆ ಮಗು ಹೆದ್ರುತ್ತೆ” ಎಂದವರೇ ಬಾಗಿಲಿಗೆ ಬಾಯಿ ಹಚ್ಚಿದರು. “ನಂದೂ, ನಿನ್ನೆ ಇಬ್ರೂ ಅವರೆಕಾಯಿ ಬಿಡಿಸಿದ್ವಲ್ಲ?”

ಒಳಗೆ ಬಿಕ್ಕುವುದು ನಿಂತಿತು. “ಹೂಂ.”

“ಬಾಗ್ಲಲ್ಲಿ ಉದ್ದಕ್ಕೆ ಒಂದು ಕಬ್ಬಿಣದ ಕಾಯಿ ಇದ್ಯಲ್ಲ, ಅದ್ರ ಬಾಲ ಮೇಲೆತ್ತು. ಎತ್ತಿದ್ಯಾ? ಈಗ ಎಳ್ದು ಬಿಡ್ಸು, ಕಂದ.”

ಕಬ್ಬಿಣ ಕಿರುಗುಟ್ಟಿತು. ಟಕ್!

ಗಿರಿಜಕ್ಕ ಒಳನುಗ್ಗಿ ಕ್ಯಾನು ದೂರ ತಳ್ಳಿ ಸ್ಟೌ ಆರಿಸಿದರು. ನಾನು ಮಗಳನ್ನು ಎದೆಗವಚಿಕೊಂಡೆ. ಅವಳ ಕೆನ್ನೆಯಲ್ಲಿ ಕಣ್ಣೀರಿತ್ತು, ದನಿಯಲ್ಲಿ ಮಾತ್ರ ಜಂಬ. “ನಾನೇ ಬಿಡಿಸ್ದೆ!”

ಬಿಡಿಸು! ಹಡಗು ಹತ್ತಿ ಬಂದದ್ದಲ್ಲ, ಸಂಸ್ಕೃತದಿಂದ ಇಳಿದದ್ದಲ್ಲ, ಅಪ್ಪಟ ಕನ್ನಡದ ‘ಬಿಡು’ವಿನ ಕುಡಿ. ಹೂ ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಚಿತ್ರ ಬಿಡಿಸುತ್ತೇವೆ, ಸೆರೆಯಲ್ಲಿದ್ದವರನ್ನೂ ಬಿಡಿಸುತ್ತೇವೆ. ತರಗತಿಯಲ್ಲಿ ಅದರ ಮೇಲೆ ಅರ್ಧ ಗಂಟೆ ಮಾತಾಡಬಲ್ಲ ನನಗೆ, ಬೇಕಾದ ಹೊತ್ತಿನಲ್ಲಿ ಅದು ನಾಲಿಗೆಗೆ ಬರಲಿಲ್ಲ. ಗಿರಿಜಕ್ಕನಿಗೆ ಅದು ಬೆರಳ ತುದಿಯಲ್ಲೇ ಇತ್ತು.

ನಾನೂ ಗಿರಿಜಕ್ಕನೂ ನಮ್ಮ ಜಗಲಿಯಲ್ಲಿ ಸುಧಾರಿಸಿಕೊಳ್ಳುತ್ತಿದ್ದಾಗ ನಂದಿನಿ, “ಇನ್ನೊಂದ್ಸಲ!” ಎನ್ನುತ್ತ ನನ್ನ ತೋಳಿನಿಂದ ಜಾರಿ ಒಳಗೋಡಿ ಮತ್ತೆ ಅಗುಳಿ ಹಾಕಿಬಿಟ್ಟಳು. ನಾನು ಬಾಯಿ ಬಿಡುವಷ್ಟರಲ್ಲಿ ಬಾಗಿಲು ಹಾರುಹೊಡೆಯಿತು. ಹೊಸ್ತಿಲ ಮೇಲೆ ಎರಡೂ ಕೈ ಎತ್ತಿ ನಿಂತಿದ್ದಳು ನನ್ನ ಮಗಳು.