ಕಲಾಯಿ ಬಣ್ಣದ ಪಟ್ಟಿ

ಮೊನ್ನೆ ಸೊರಬದ ಪೇಟೆಯಲ್ಲಿ ಬಸ್ಸಿಳಿದು ನಡೆಯುತ್ತಿದ್ದಾಗ ಎಲ್ಲಿಂದಲೋ ನವಸಾಗರದ ಹೊಗೆ ಬಂತು. ತಾಮ್ರದ ಪಾತ್ರೆಗೆ ಕಲಾಯಿ ಹಾಕುವಾಗ ಏಳುವ ಆ ಬಿಳಿ ಹೊಗೆಯ ಪರಿಚಯ ನಿಮಗಿದೆಯೋ ಇಲ್ಲವೋ, ಈಗ ಎಲ್ಲರ ಮನೆಯಲ್ಲೂ ಸ್ಟೀಲು ಬಂದು ಕೂತಿದೆ. ಮೂಗಿನೊಳಗೆ ಸಣ್ಣಗೆ ಚುಚ್ಚಿ, ಕಣ್ಣಲ್ಲಿ ಒಂದಿಷ್ಟು ನೀರು ತರಿಸಿ, ತನ್ನ ಪಾಡಿಗೆ ತಾನು ಹೋಗಿಬಿಡುತ್ತದೆ. ನನಗೆ ಮಾತ್ರ ಆ ಹೊಗೆ ಬಂದರೆ ಕಂಪ್ಯೂಟರಿನ ನೆನಪಾಗುತ್ತದೆ. ನಗಬೇಡಿ. ಕೈಯಲ್ಲಿ ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ರಸ್ತೆಯ ಮಧ್ಯೆ ಕಣ್ಣೊರೆಸಿಕೊಳ್ಳುತ್ತಾ ನಿಂತವನನ್ನು ನೋಡಿ ಹಣ್ಣಿನ ಗಾಡಿಯವನೂ ನಕ್ಕ.

ನಾನು ಶಿಕಾರಿಪುರದ ಒಂದು ಖಾಸಗಿ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಕೆಲಸಕ್ಕಿದ್ದೆ. ರೈತರು ಹೊಲದ ಮಣ್ಣು ತರುತ್ತಾರೆ, ಪ್ರಯೋಗಾಲಯದವರು ಅದರಲ್ಲಿ ಏನೇನಿದೆ ಎಂದು ಅಳೆದು ಅಂಕಿ ಕೊಡುತ್ತಾರೆ, ಆ ಅಂಕಿಯನ್ನು ಕಂಪ್ಯೂಟರಿಗೆ ಹಾಕಿದರೆ ಯಾವ ಬೆಳೆಗೆ ಯಾವ ಗೊಬ್ಬರ ಎಂಬ ಚೀಟಿ ಬರುತ್ತದೆ. ತಾಳಗುಂದದ ಜೋಳದ ಹೊಲಕ್ಕೆ ಒಂದು ಬಗೆ, ಕುಪ್ಪಗಡ್ಡೆಯ ಗದ್ದೆಗೆ ಇನ್ನೊಂದು ಬಗೆ. ಗುಂಡಿ ಒತ್ತಿದರೆ ಈ ಲೆಕ್ಕವೆಲ್ಲ ಒಂದರ ಹಿಂದೊಂದು ತಾನೇ ನಡೆಯಲಿ ಎಂದು ಎಕ್ಸೆಲ್ ಹಾಳೆಯೊಳಗೆ ಬರೆದಿಡುವ ಆಜ್ಞೆಗಳಿಗೆ ಮ್ಯಾಕ್ರೋ ಎನ್ನುತ್ತಾರೆ. ನಮ್ಮಲ್ಲಿ ಅವುಗಳನ್ನು ಬರೆದವನು ನಾನು. ಓದಿದ್ದು ಬಿ.ಕಾಂ., ಉಳಿದದ್ದೆಲ್ಲ ಅಲ್ಲಿ ಇಲ್ಲಿ ನೋಡಿ, ಕೆಡಿಸಿ, ಮತ್ತೆ ನೋಡಿ ಕಲಿತದ್ದು. ಆದರೂ ಆಫೀಸಿನಲ್ಲಿ ನಾನೊಬ್ಬ ದೊಡ್ಡ ಪಂಡಿತನಂತೆ ಓಡಾಡುತ್ತಿದ್ದೆ. ಕೇಳುವವರಿಗೆ ಗೊತ್ತಿಲ್ಲದಿದ್ದರೆ ಹೇಳುವವನಿಗೆ ಅದೊಂದು ಸುಖ.

ಸೊರಬದಲ್ಲಿ ನಮ್ಮದೊಂದು ಸಣ್ಣ ಶಾಖೆ. ಒಂದು ಕೋಣೆ, ಒಂದು ಬೆಂಚು, ಹಳೆಯ ಕಂಪ್ಯೂಟರು, ಅದರ ಮುಂದೆ ನಸೀಮಾ. ಆಕೆಯ ತಂದೆ ಪೇಟೆಯಲ್ಲಿ ಕಲಾಯಿ ಕೆಲಸ ಮಾಡುತ್ತಿದ್ದವರು. ಆ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸಕ್ಕೆ ಹೋದವರಲ್ಲಿ ಆಕೆಯೇ ಮೊದಲು. ಬೆಳಿಗ್ಗೆ ಬಂದವಳೇ ಕುರ್ಚಿಯನ್ನು ದುಪಟ್ಟಾದ ತುದಿಯಿಂದ ಒಮ್ಮೆ ಒರೆಸಿ ಕೂರುವಳಂತೆ. ಧೂಳಿರಲಿ ಬಿಡಲಿ, ಒರೆಸುವುದು ಒರೆಸುವುದೇ.

ತೊಂದರೆ ಶುರುವಾದದ್ದು ನನ್ನ ಮ್ಯಾಕ್ರೋದಿಂದ. ಊರೂರಿನ ಮಣ್ಣು ಸೇರಿ ಹಾಳೆ ಉದ್ದವಾದಂತೆ ಲೆಕ್ಕ ನಿಧಾನವಾಯಿತು. ಗುಂಡಿ ಒತ್ತಿದರೆ ಪರದೆ ಬೆಳ್ಳಗೆ ಮಂಕಾಗಿ ಸುಮ್ಮನಾಗುತ್ತಿತ್ತು. ಒಳಗೆ ಕೆಲಸ ನಡೆಯುತ್ತಿದೆ, ಹೊರಗಿನಿಂದ ನೋಡಿದರೆ ಪ್ರಾಣ ಹೋದಂತೆ ಕಾಣುತ್ತದೆ. ಇನ್ನು ನಮ್ಮ ಕಡೆಯ ರೈತರಿಗೆ ಒಂದು ಅಭ್ಯಾಸವಿದೆ. ಪಂಪ್‌ಸೆಟ್ಟಿನ ಮೋಟರು ಗುಂಯ್‌ಗುಟ್ಟಿಯೂ ನೀರು ಎತ್ತದಿದ್ದರೆ ತಕ್ಷಣ ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿ ನಿಲ್ಲಿಸಬೇಕು, ಇಲ್ಲದಿದ್ದರೆ ಕಾಯಿಲ್ ಸುಟ್ಟುಹೋಗುತ್ತದೆ. ಹೊಸಬಾಳೆಯ ಈರಪ್ಪ ಎಂಬ ರೈತರು ಒಂದು ದಿನ ಬೆಂಚಿನ ಮೇಲೆ ಕೂತು ಈ ಸತ್ತ ಪರದೆಯನ್ನೇ ನೋಡಿ ನೋಡಿ, ನಸೀಮಾ ನೀರು ಕುಡಿಯಲು ಎದ್ದ ಹೊತ್ತಿಗೆ, ಗೋಡೆಯ ಸ್ವಿಚ್ಚನ್ನೇ ಆರಿಸಿಬಿಟ್ಟರು.

"ಜಾಮ್ ಆಗಿತ್ತು ಕಣವ್ವ. ಸುಟ್ಟು ಗಿಟ್ಟು ಹೋದೀತು ಅಂತ ನಾನೇ ಆಫ್ ಮಾಡ್ದೆ," ಎಂದರಂತೆ, ದೊಡ್ಡ ಉಪಕಾರ ಮಾಡಿದ ಸಮಾಧಾನದಲ್ಲಿ.

ಫೈಲು ಹಾಳಾಯಿತು. ಒಂದು ತಿಂಗಳ ಅಂಕಿಯನ್ನು ಆಕೆ ಮತ್ತೆ ತುಂಬಿಸಬೇಕಾಯಿತು. ಸ್ವಲ್ಪ ದಿನಕ್ಕೆ ಇನ್ನಾರೋ ಅದೇ ಉಪಕಾರ ಮಾಡಿದರು. ಶಿಕಾರಿಪುರದಲ್ಲಿ ಮ್ಯಾನೇಜರು ನನ್ನನ್ನು ಕರೆದು, "ಇನ್ನೊಂದ್ಸಲ ಹಿಂಗಾದ್ರೆ ಆ ಕಂಪ್ಯೂಟರ್ ಇಲ್ಲಿಗೇ ತರಿಸ್ತೀನ್ರೀ. ಅಲ್ಲಿ ಮಣ್ಣಿನ ಚೀಲ ಇಸ್ಕೊಳ್ಳಾಕೆ ಯಾರಾದ್ರೂ ನಡೀತದೆ," ಎಂದರು. ಕಂಪ್ಯೂಟರು ಹೋದರೆ ನಸೀಮಾಳ ಕೆಲಸವೂ ಹೋದಂತೆ. ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಆಕೆ ದಿನಾ ಶಿಕಾರಿಪುರಕ್ಕೆ ಓಡಾಡುವಂತಿರಲಿಲ್ಲ. ವಿಷಯ ಹೇಳಲು ಹೋದ ನನಗೆ ಆಕೆಯ ಮುಖ ನೋಡುವುದೇ ಕಷ್ಟವಾಯಿತು.

ಆಕೆ ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಕೀಬೋರ್ಡನ್ನು ಪಕ್ಕಕ್ಕೆ ಸರಿಸಿ ಹೇಳಿದಳು: "ಸರ್, ನಮ್ಮ ಅಬ್ಬಾ ಕಲಾಯಿ ಹಾಕುವಾಗ ಜನ ಎದುರಿಗೇ ಕೂತಿರ್ತಾರೆ. ತವರ ಕರಗಿ ಪಾತ್ರೆ ಒಳಗೆ ಬೆಳ್ಳಗೆ ಹಬ್ತಾ ಹೋಗೋದು ಕಾಣ್ತದೆ. ಇನ್ನೆಷ್ಟು ಉಳೀತು ಅಂತ ಅವ್ರಿಗೇ ಗೊತ್ತಾಗ್ತದೆ, ಯಾರೂ ಕೈ ಹಾಕಲ್ಲ. ನಿಮ್ಮ ಮ್ಯಾಕ್ರೋದಲ್ಲಿ ಏನೂ ಕಾಣಲ್ವಲ್ಲ."

ನಾನು ಅವತ್ತು ವಾಪಸು ಹೊರಟವನು ಶಿರಾಳಕೊಪ್ಪ ಬಂದದ್ದೂ ತಿಳಿಯದಂತೆ ಬಸ್ಸಿನಲ್ಲಿ ಕೂತಿದ್ದೆ. ಕಿಟಕಿಯಾಚೆ ಮೆಕ್ಕೆಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದವು. ಸಂಜೆಯ ಬಿಸಿಲು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಮೋಡದ ಬೆಳಕು ನಿಧಾನವಾಗಿ ಬೆಳ್ಳಗೆ ಹಬ್ಬುತ್ತಿರುವಂತೆ ಕಂಡಿತು. ನಿಜವಾಗಿ ಹಬ್ಬಿತೋ, ಅರೆನಿದ್ದೆಯಲ್ಲಿ ಹಾಗೆ ಕಂಡಿತೋ ಈಗ ಹೇಳಲಾರೆ. ಇಳಿಯುವ ಹೊತ್ತಿಗೆ, ಲೆಕ್ಕ ಎಷ್ಟಾಯಿತು ಎಂದು ಪರದೆಯ ಮೇಲೆ ತೋರಿಸುವ ಒಂದು ಪಟ್ಟಿಯ ರೂಪ ಮನಸ್ಸಿನಲ್ಲಿತ್ತು. ಕೆಳಗೆ ತಾಮ್ರದ ಬಣ್ಣದ ಒಂದು ಅಗಲ ಪಟ್ಟಿ, ಅದರ ಮೇಲೆ ಎಡದಿಂದ ಬಲಕ್ಕೆ ಬೆಳೆಯುವ ತವರದ ಬಿಳಿ.

ಮಾಡುವುದು ಸುಲಭ ಎಂದುಕೊಂಡಿದ್ದೆ. ಮೊದಲ ಪಟ್ಟಿ ಹಾಳೆಯ ಒಂದೊಂದು ಸಾಲಿಗೂ ತನ್ನನ್ನು ತಾನು ಹೊಸದಾಗಿ ಬಳಿದುಕೊಳ್ಳುತ್ತಿತ್ತು. ಲೆಕ್ಕಕ್ಕಿಂತ ಬಳಿಯುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಕೆಲಸ ಎಷ್ಟಾಯಿತು ಎಂದು ತೋರಿಸುವುದರಲ್ಲೇ ಕೆಲಸ ಆಗದಂತೆ ಮಾಡಿದ ನನ್ನ ಜಾಣ್ಮೆಗೆ ನಸೀಮಾ ಬಾಯಿಗೆ ದುಪಟ್ಟಾ ಮುಚ್ಚಿಕೊಂಡು ನಕ್ಕಳು. ಒಂದಿಷ್ಟು ಸಾಲು ಮುಗಿದ ಮೇಲೆ ಒಂದು ಸಲ ಬಳಿದರೆ ಸಾಕು ಎಂದು ಬದಲಾಯಿಸಿದೆ. ಆಮೇಲೆ ಆ ಬರಹವನ್ನು ಪ್ರತಿ ಮ್ಯಾಕ್ರೋಗೂ ನಕಲು ಮಾಡಿ ಅಂಟಿಸಿದೆ. ಒಂದರಲ್ಲಿ ತಪ್ಪು ತಿದ್ದಿದರೆ ಉಳಿದವು ಹಾಗೇ ಇರುತ್ತಿದ್ದವು. ಯಾವುದನ್ನು ತಿದ್ದಿದೆ, ಯಾವುದನ್ನು ಬಿಟ್ಟೆ ಎಂದು ನನಗೇ ತಿಳಿಯದೆ ತಲೆ ಕೆಟ್ಟುಹೋಯಿತು.

ಆಗ ಕಲಿತದ್ದು ಆಬ್ಜೆಕ್ಟ್ ಎಂಬುದನ್ನು. ನಿಮಗೆ ಬೇಸರವಾದರೆ ಈ ಪ್ಯಾರಾ ಬಿಟ್ಟು ಮುಂದೆ ಹೋಗಿ, ನನಗೆ ಮಾತ್ರ ಇದನ್ನು ಹೇಳದಿದ್ದರೆ ಊಟ ಸೇರುವುದಿಲ್ಲ. ಮನೆಯಲ್ಲಿ ಚಕ್ಕುಲಿ ಒರಳು ಒಂದೇ ಇರುತ್ತದೆ. ಅಕ್ಕಿ ಹಿಟ್ಟು ಹಾಕಿ, ಕಡಲೆ ಹಿಟ್ಟು ಹಾಕಿ, ಒರಳಿಗೆ ಅದರ ಚಿಂತೆಯಿಲ್ಲ. ಒತ್ತುವವರೂ ಒರಳಿನ ಒಳಗೇನಿದೆ ಎಂದು ತಲೆ ಕೆಡಿಸಿಕೊಳ್ಳುವುದಿಲ್ಲ. ಹಾಗೆ ಪಟ್ಟಿಯ ಬಣ್ಣ, ಅಗಲ, ಬಳಿಯುವ ಬಗೆ ಎಲ್ಲವನ್ನೂ ಒಂದೇ ಕಡೆ ಮುಚ್ಚಿಟ್ಟೆ. ಹೊರಗಿನಿಂದ ಅದಕ್ಕೆ ಹೇಳಬೇಕಾದದ್ದು ಮೂರೇ ಮಾತು: ಶುರು, ಹೆಜ್ಜೆ, ಮುಗಿಸು. ಯಾವ ಫೈಲಿನ ಯಾವ ಮ್ಯಾಕ್ರೋ ಆದರೂ ಅಲ್ಲಿಂದಲೇ ಕರೆದು ಬಳಸಬಹುದು. ಅದಕ್ಕೆ 'ಕಲಾಯಿ' ಎಂದೇ ಹೆಸರಿಟ್ಟೆ. ಅಷ್ಟು ಚಂದದ ಕೆಲಸ ನನ್ನ ಕೈಯಿಂದ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ಉಳಿದದ್ದು ಒಂದು ಕೊರತೆ. ಸಾಲುಗಳೆಲ್ಲ ಮುಗಿದು ಪಟ್ಟಿ ತುಂಬಿದ ಮೇಲೂ ಫೈಲನ್ನು ಉಳಿಸಿಡಲು ಆ ಮುದಿ ಯಂತ್ರ ಬಹಳ ಹೊತ್ತು ತೆಗೆದುಕೊಳ್ಳುತ್ತಿತ್ತು. ಆ ಹೊತ್ತಿನಲ್ಲಿ ಪಟ್ಟಿ ಅಲ್ಲಾಡುವುದಿಲ್ಲ. ನನಗೆ ಶಿಕಾರಿಪುರದ ಬಸ್‌ಸ್ಟ್ಯಾಂಡು ನೆನಪಾಯಿತು. ಅಲ್ಲಿಯ ಖಾಸಗಿ ಬಸ್ಸುಗಳನ್ನು ನೀವು ನೋಡಿರಬೇಕು. ಹೊರಡುವ ಹೊತ್ತು ಇನ್ನೂ ದೂರವಿರುತ್ತದೆ, ಆದರೆ ಡ್ರೈವರು ಎಂಜಿನ್ ಗುರುಗುಟ್ಟಿಸುತ್ತಾ ಅರ್ಧ ಮಾರು ಮುಂದೆ, ಅರ್ಧ ಮಾರು ಹಿಂದೆ ಆಡಿಸುತ್ತಿರುತ್ತಾನೆ. "ಹೊಂಟ್ತು ಹೊಂಟ್ತು, ಹತ್ರೀ" ಎಂದು ಕಂಡಕ್ಟರು ಕೂಗುತ್ತಾನೆ. ಒಳಗೆ ಕೂತವರು ಇಳಿದುಹೋಗುವುದಿಲ್ಲ.

"ಹಂಗೇ ಮಾಡೋಣ ನಸೀಮಾ. ಕೊನೇಲಿ ಪಟ್ಟಿ ಸುಮ್ನೆ ಒಂಚೂರು ಒಂಚೂರು ಸರೀತಾ ಇರ್ಲಿ. ಜನ ಸಮಾಧಾನವಾಗಿರ್ತಾರೆ," ಎಂದೆ.

"ಬೇಡ ಸರ್. ಆ ಬಸ್ಸಲ್ಲಿ ಕೂತು ಕೂತು ನಾನು ಎಷ್ಟು ಬೈಕೊಂಡಿದೀನಿ. ಅದು ನಿಂತ್ರೆ ನಿಲ್ಲಲಿ. ಯಾಕೆ ನಿಂತದೆ ಅಂತ ಕನ್ನಡದಲ್ಲಿ ಬರ್ದು ಹಾಕಿ. ಪೂರ್ತಿ ಉಳಿಸಿಟ್ಟ ಮೇಲೇನೇ ಪೂರ್ತಿ ಬೆಳ್ಳಗಾಗ್ಲಿ."

"ಓದ್ದೆ ಇದ್ರೆ?"

"ಓದ್ತಾರೆ ಸರ್. ಕಾಯೋರು ಏನಿದ್ರೂ ಓದ್ತಾರೆ."

ಕೆಟ್ಟರೆ ಹೋಗುವ ಕುರ್ಚಿ ಆಕೆಯದು, ಹೇಳುವ ಹಕ್ಕೂ ಆಕೆಯದೇ. ಹಾಗೇ ಮಾಡಿದೆ. ಹೆದರಿಕೆ ಮಾತ್ರ ನನ್ನಲ್ಲಿ ಉಳಿಯಿತು.

ಮ್ಯಾನೇಜರು ನೋಡಲು ಬಂದ ದಿನ ಬೆಂಚು ಭರ್ತಿಯಿತ್ತು, ಈರಪ್ಪನವರೂ ಇದ್ದರು. ನಸೀಮಾ ಗುಂಡಿ ಒತ್ತಿದಳು. ತಾಮ್ರದ ಪಟ್ಟಿಯ ಮೇಲೆ ಬಿಳಿ ಹಬ್ಬತೊಡಗಿತು. ಬೆಂಚಿನ ಮಾತು ಒಂದೊಂದಾಗಿ ನಿಂತು ಎಲ್ಲರೂ ಅದನ್ನೇ ನೋಡಿದರು. ಬೀದಿಯ ಸದ್ದು ದೂರ ಸರಿದಂತಾಯಿತು. ಕೋಣೆಯ ತುಂಬ ಆ ಬಿಳಿಯೊಂದೇ ನಡೆಯುತ್ತಿತ್ತು. ಕೊನೆಗೆ ಬಲ ತುದಿಯಲ್ಲಿ ಚೂರು ತಾಮ್ರ ಉಳಿಸಿ ನಿಂತುಬಿಟ್ಟಿತು. ಕೆಳಗೆ ಅಕ್ಷರ ಮೂಡಿತು: 'ಲೆಕ್ಕ ಆಗಿದೆ. ಉಳಿಸಿಡುತ್ತಿದ್ದೇನೆ. ದಯವಿಟ್ಟು ಮುಟ್ಟಬೇಡಿ.'

ನಿಂತಿತು ಅಂದರೆ ನಿಂತೇ ನಿಂತಿತು. ನಸೀಮಾ ಎರಡೂ ಕೈಯನ್ನು ಮಡಿಲಲ್ಲಿ ಬಿಗಿಯಾಗಿ ಹೆಣೆದುಕೊಂಡಿದ್ದಳು. ಮ್ಯಾನೇಜರಿಗೆ ತಾಳ್ಮೆ ಕಡಿಮೆ. "ಮತ್ತೆ ಜಾಮ್ ಆತಲ್ರೀ," ಎನ್ನುತ್ತಾ ಮೌಸಿನ ಕಡೆ ಕೈ ಚಾಚಿದರು.

ಬೆಂಚಿನಿಂದ ಈರಪ್ಪ ಎದ್ದರು. "ತಡೀರಿ ಸಾಹೇಬ್ರೆ! ಮುಟ್ಟಬ್ಯಾಡ ಅಂತ ಬರ್ದೈತಲ್ರೀ, ಕಾಣಾಕಿಲ್ವಾ? ಇನ್ನೊಂಚೂರು ಬೆಳ್ಳಗಾಗದು ಐತೆ. ಕೂತ್ಕಳ್ರಿ ಸುಮ್ನೆ."

ಮ್ಯಾನೇಜರು ಕೂತರು. ಬೆಂಚಿನಲ್ಲಿ ಜಾಗ ಮಾಡಿಕೊಟ್ಟವರೂ ಈರಪ್ಪನವರೇ. ಉಳಿದ ಚೂರು ತಾಮ್ರವೂ ಬೆಳ್ಳಗಾಗಿ, ಪ್ರಿಂಟರು ಕರಕರ ಎಂದು ಮೊದಲ ಚೀಟಿ ಹೊರಬಿಟ್ಟಾಗ ನಸೀಮಾ ಹೆಣೆದ ಕೈ ಬಿಡಿಸಿದಳು. ಕಂಪ್ಯೂಟರು ಸೊರಬದಲ್ಲೇ ಉಳಿಯಿತು. ನನ್ನ 'ಕಲಾಯಿ' ಮುಂದೆ ಶಿಕಾರಿಪುರದ ಎಲ್ಲ ಮ್ಯಾಕ್ರೋಗಳಿಗೂ ಬಂತು, ನಾನು ನಿವೃತ್ತನಾಗುವವರೆಗೂ ಅದರ ಬಿಳಿಯನ್ನು ನೋಡಿಕೊಂಡೇ ಕಾಲ ಹಾಕಿದೆ.

ಮೊನ್ನೆ ನಾನು ಹೊರಟಿದ್ದು ಅದೇ ಕೋಣೆಗೆ. ಕುಪ್ಪಗಡ್ಡೆಯಲ್ಲಿ ಹೆಂಡತಿ ಕಡೆಯಿಂದ ಬಂದ ತುಂಡು ಗದ್ದೆಯಿದೆ, ಅದರ ಮಣ್ಣು ತೋರಿಸಬೇಕಿತ್ತು. ನಸೀಮಾ ಕನ್ನಡಕ ಹಾಕಿಕೊಂಡಿದ್ದಳು. "ಬನ್ನಿ ಸರ್, ಕೂತ್ಕೊಳ್ಳಿ. ಇವ್ರದ್ದು ಮುಗಿಸಿಬಿಡ್ತೀನಿ," ಎಂದು ಬೆಂಚು ತೋರಿಸಿದಳು. ಮೇಜಿನ ಮೇಲೆ ಹೊಸ ಯಂತ್ರ. ನಾನು ಪಟ್ಟಿಗಾಗಿ ಕಾದು ನೋಡಿದೆ, ಅಜ್ಜ ಮೊಮ್ಮಗನನ್ನು ಕಾಯುವಂತೆ. ಆಕೆ ಗುಂಡಿ ಒತ್ತಿದಳು. ಕಣ್ಣು ಮಿಟುಕಿಸುವುದರೊಳಗೆ ಚೀಟಿಗಳು ಬರತೊಡಗಿದವು. ಪಟ್ಟಿ ಇರಲಿಲ್ಲ.

"ಕಲಾಯಿ ಎಲ್ಲಿ ನಸೀಮಾ?"

"ತೆಗ್ದೆ ಸರ್. ಈ ಮಿಷನ್‌ಗೆ ಅದು ಬೇಕಾಗಲ್ಲ, ಫಳಕ್ ಅಂತ ಬಂದು ಹೋಗ್ತಿತ್ತು, ಜನ ಗಾಬರಿ ಬೀಳ್ತಿದ್ರು. ಶುರು, ಹೆಜ್ಜೆ, ಮುಗಿಸು ಹಾಗೇ ಇವೆ, ಒಳಗೆ ಮಾತ್ರ ಖಾಲಿ ಮಾಡಿದೀನಿ. ಬೇರೆ ಒಂದು ಫೈಲೂ ಮುಟ್ಟಲಿಲ್ಲ, ಯಾವುದೂ ಕೆಡಲಿಲ್ಲ."

ನನ್ನನ್ನೊಂದು ಮಾತು ಕೇಳಬಹುದಿತ್ತು ಅನ್ನಿಸಿತು. ಚೀಟಿ ಹಿಡಿದು ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದರು, ನಾನು ಬೆಂಚಿನ ಮೇಲೆ ಮುಂದೆ ಮುಂದೆ ಸರಿಯುತ್ತಿದ್ದೆ. ಹಾಗೆ ಸರಿಯುತ್ತಾ ನಿಧಾನವಾಗಿ ಹೊಳೆಯಿತು. ನಾನು ಮುಚ್ಚಿಟ್ಟದ್ದನ್ನು ಬಿಚ್ಚಿ, ಓದಿ, ಅರ್ಥ ಮಾಡಿಕೊಂಡು, ಯಾವುದನ್ನೂ ಕೆಡಿಸದೆ ಆಕೆಯೇ ತೆಗೆದಿದ್ದಾಳೆ. ಇನ್ನು ಈ ಕಂಪ್ಯೂಟರನ್ನು ಎಲ್ಲಿಗೋ ಒಯ್ಯುವ ಮಾತು ಯಾರೂ ಆಡಲಾರರು. ಅಷ್ಟು ಸಂತೋಷ ನನಗೆ ಪಟ್ಟಿ ಮಾಡಿದ ದಿನವೂ ಆಗಿರಲಿಲ್ಲ.

ಹಿಂದೆಲ್ಲ ನಾನು ಬಾಗಿಲಲ್ಲಿ ಕಂಡರೆ ಸಾಕು, ನಸೀಮಾ ಗಡಬಡಿಸಿ ಎದ್ದು ಕುರ್ಚಿಯನ್ನು ನನ್ನ ಕಡೆ ತಳ್ಳುತ್ತಿದ್ದಳು. ನನ್ನ ಸರದಿ ಬಂತು. ನಾನು ಎದ್ದು ಹೋಗಿ ಎರಡೂ ಕೈಯಿಂದ ಮಣ್ಣಿನ ಚೀಲ ಮುಂದೆ ಹಿಡಿದೆ. ಆಕೆ ಕೂತಲ್ಲಿಂದಲೇ ಇಸ್ಕೊಂಡಳು.